ಅಂಗೈ ಮೇಲೆ ಎಂಟಾಣೆ ಗಾತ್ರದ ಗಾಯ

ಕಳೆದ ತಿಂಗಳ ಒಂದು ಮಂಗಳವಾರ ಸಂಜೆ, ಜಿಮ್ನಾಸ್ಟಿಕ್ಸ್ ಅಭ್ಯಾಸ ಮುಗಿಯುವುದಕ್ಕೆ ಇನ್ನೂ ಕಾಲು ಗಂಟೆ ಇರುವಾಗ, ಹನ್ನೊಂದು ವರ್ಷದ ಹುಡುಗಿಯೊಬ್ಬಳು ಕಂಬಿಯಿಂದ ಇಳಿದು, ಬಲಗೈಯನ್ನು ಮುಷ್ಟಿ ಕಟ್ಟಿಕೊಂಡು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಳು. ಮುಷ್ಟಿ ಕಟ್ಟಿಕೊಂಡು ನಿಲ್ಲುವ ಮಕ್ಕಳ ಗುಟ್ಟು ನನಗೆ ಗೊತ್ತು. "ಕೈ ತೋರಿಸಮ್ಮ" ಎಂದೆ. "ಏನಿಲ್ಲ ಮಿಸ್" ಎಂದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಉಂಗುರದ ಬೆರಳಿನ ಬುಡದಲ್ಲಿ ಎಂಟಾಣೆ ಗಾತ್ರದಷ್ಟು ಚರ್ಮ ಮೂರು ಕಡೆ ಬಿಟ್ಟುಕೊಂಡು, ಒಂದೇ ಕಡೆ ಅಂಟಿಕೊಂಡು, ಅರ್ಧ ತೆರೆದ ಕದದ ಹಾಗೆ ನಿಂತಿತ್ತು. ಅದರ ಕೆಳಗೆ ಚಂದ್ರ ಸೀಬೆಯ ತಿರುಳಿನಂಥ ಹಸಿ ಕೆಂಪು. ಅಂಚಿನಲ್ಲಿ ಬಿಳಿ ಪುಡಿಯೂ ರಕ್ತವೂ ಕಲಸಿಕೊಂಡ ಒಂದು ಗೆರೆ. ನಾನು ಕೈ ಹಿಡಿದುಕೊಂಡೇ ಇರುವಾಗ ಅವಳು ಕೇಳಿದ ಪ್ರಶ್ನೆ ಇದು: "ನಿಮಗೆ ಹಿಂಗಾದಾಗ ನೀವು ನಿಲ್ಲಿಸ್ತಿದ್ರಾ ಮಿಸ್?"

ನಿಲ್ಲಿಸುತ್ತಿರಲಿಲ್ಲ. ಅದನ್ನು ಅವಳಿಗೆ ಹೇಳಲು ನಾಚಿಕೆಯಾಯಿತು. ಹೇಳದೆ ಇರುವುದೂ ಸರಿಯಲ್ಲ ಅನ್ನಿಸಿತು. ಜಿಮ್ನಾಸ್ಟಿಕ್ಸ್ ಮಾಡುವವರು 'ರಿಪ್' ಎಂದು ಕರೆಯುವ ಈ ಗಾಯದ ಬಗ್ಗೆ ನಮ್ಮ ಕಡೆಯ ತಂದೆತಾಯಿಗಳಿಗೂ, ಹೊಸದಾಗಿ ಮಕ್ಕಳಿಗೆ ಕಲಿಸುತ್ತಿರುವ ಮೇಷ್ಟ್ರುಗಳಿಗೂ ಉಪಯೋಗವಾಗುವಂತೆ ಒಮ್ಮೆ ಬಿಡಿಸಿ ಬರೆಯಬೇಕು ಎನ್ನುವುದು ಬಹಳ ದಿನದ ಆಸೆಯಾಗಿತ್ತು. ಆ ಪ್ರಶ್ನೆ ಅದಕ್ಕೆ ನೆಪವಾಯಿತು.

ಶಿಡ್ಲಘಟ್ಟದ ಹತ್ತಿರ ನಾವು ಅಭ್ಯಾಸ ಮಾಡುವ ಶೆಡ್ಡು ಮೊದಲು ರೇಷ್ಮೆ ಹುಳು ಸಾಕುವ ಮನೆಯಾಗಿತ್ತು; ಈಗಲೂ ಒಂದು ಮೂಲೆಯಲ್ಲಿ, ಹುಳುಗಳು ಗೂಡು ಕಟ್ಟಲು ಬಿಡುವ ಹಳೆಯ ಚಂದ್ರಿಕೆಗಳು ಗೋಡೆಗೆ ಒರಗಿಕೊಂಡಿವೆ. ಜೋತುಬಿದ್ದು ತೂಗುವ, ಸುತ್ತು ಹಾಕುವ ಅಡ್ಡ ಸರಳು, ಅಂದರೆ ಹೈ ಬಾರ್ ಎನ್ನುವುದನ್ನು ನಾವೆಲ್ಲ ಕಂಬಿ ಎಂದೇ ಕರೆಯುತ್ತೇವೆ. ಅದಕ್ಕೊಂದು ಕಾರಣವೂ ಇದೆ: ಶುರುವಿನ ದಿನಗಳಲ್ಲಿ ಒಬ್ಬ ಅಜ್ಜಿ "ನನ್ನ ಮೊಮ್ಮಗಳು ದಿನಾ ಸಾಯಂಕಾಲ ಬಾರ್‌ಗೆ ಹೋಗ್ತಾಳೆ" ಎಂದು ಬಸ್‌ಸ್ಟ್ಯಾಂಡಿನಲ್ಲಿ ಹೆಮ್ಮೆಯಿಂದ ಹೇಳಿ, ಊರಿಗೆಲ್ಲ ಗಾಬರಿ ಹುಟ್ಟಿಸಿದ್ದರು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಸ್ಪರ್ಧೆಯ ಹಿಂದಿನ ದಿನ ನನ್ನ ಎಡ ಅಂಗೈ ಹೀಗೆಯೇ ಸುಲಿದಿತ್ತು. ಆಗ ಕಲಿಸುತ್ತಿದ್ದವರು ಗಾಯ ನೋಡಿ, "ಈಗ ನೀನು ನಿಜವಾದ ಜಿಮ್ನಾಸ್ಟ್ ಆದೆ" ಎಂದು ಬೆನ್ನು ತಟ್ಟಿ, ಇನ್ನು ಹತ್ತು ಸ್ವಿಂಗ್ ಮಾಡಲು ಹೇಳಿದರು. ಮಾಡಿದೆ. ಮನೆಗೆ ಬಂದ ಮೇಲೆ ಅಮ್ಮ ರಕ್ತ ನಿಲ್ಲಲಿ ಎಂದು ಕಾಫಿ ಪುಡಿ ಒತ್ತಿದರು. ಮರುದಿನ ಪಕ್ಕದ ಮನೆಯವರ ಮಾತು ಕೇಳಿ ಅರಿಶಿನಕ್ಕೆ ಚೂರು ಸುಣ್ಣ ಬೆರೆಸಿ ಹಚ್ಚಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ತಿಳಿದಿದ್ದು ಅದೇ. ಆದರೆ ಮೂರನೆಯ ದಿನ ಗಾಯ ಕೀವಾಗಿ, ಅಂಗೈಯಿಂದ ಮಣಿಕಟ್ಟಿನ ಕಡೆಗೆ ಕೆಂಪು ಗೆರೆಯೊಂದು ಏರತೊಡಗಿ, ಮೈ ಕಾದು, ಕೊನೆಗೆ ಡಾಕ್ಟರ ಹತ್ತಿರ ಹೋಗಿ ಆಂಟಿಬಯಾಟಿಕ್ ತೆಗೆದುಕೊಳ್ಳಬೇಕಾಯಿತು. ಹತ್ತು ಸ್ವಿಂಗಿನ ಆಸೆಗೆ ಮೂರು ವಾರದ ಅಭ್ಯಾಸ ಹೋಯಿತು. ಸಾಮಾನ್ಯವಾಗಿ ರಿಪ್ ಆದ ಜಾಗದಲ್ಲಿ ಕಲೆ ಉಳಿಯುವುದಿಲ್ಲ, ಏಕೆಂದರೆ ಕಿತ್ತುಹೋಗುವುದು ಚರ್ಮದ ಹೊರಪದರ ಮಾತ್ರ; ನನ್ನ ಕೈಯಲ್ಲಿ ಕಲೆ ಇರುವುದು ಗಾಯದಿಂದಲ್ಲ, ಅದಾದ ಮೇಲೆ ನಾವು ಮಾಡಿದ್ದರಿಂದ.

ಅಂಗೈ ಹೇಗೆ ಸುಲಿಯುತ್ತದೆ ಎಂಬುದನ್ನು ಅರ್ಥ ಮಾಡಿಕೊಂಡರೆ ಮುಂದಿನದೆಲ್ಲ ಸುಲಭ. ಒತ್ತಡಕ್ಕೂ ಉಜ್ಜಾಟಕ್ಕೂ ಚರ್ಮ ಕೊಡುವ ಉತ್ತರವೇ ಜಡ್ಡು. ಹೊರಪದರ ದಪ್ಪವಾಗಿ ಒಳಗಿನದನ್ನು ಕಾಯುತ್ತದೆ. ಅಲ್ಲಿಯವರೆಗೆ ಒಳ್ಳೆಯದೇ. ಆದರೆ ಜಿಮ್ನಾಸ್ಟ್‌ನ ಕೈ ಕಂಬಿಯನ್ನು ಹಿಡಿದು ಸುಮ್ಮನೆ ಇರುವುದಿಲ್ಲ, ಅದರ ಸುತ್ತ ತಿರುಗುತ್ತದೆ. ಪೂರ್ತಿ ಸುತ್ತು ಹಾಕುವ ಜೈಂಟ್ ಸ್ವಿಂಗಿನಲ್ಲಿ ದೇಹ ಕೆಳಗಿನ ತುದಿಗೆ ಬಂದಾಗ ಕೈಗಳ ಮೇಲೆ ಬೀಳುವ ಎಳೆತ ಮೈಯ ತೂಕದ ಮೂರು ನಾಲ್ಕು ಪಟ್ಟಾಗುತ್ತದೆ. ಮೂವತ್ತು ಕಿಲೋ ತೂಗುವ ಹುಡುಗಿಯ ಎರಡು ಅಂಗೈಗಳಿಗೆ ಆ ಕ್ಷಣದಲ್ಲಿ ನೂರು ಕಿಲೋದ ಮೂಟೆ ಜೋತುಬಿದ್ದ ಹಾಗೆ. ಆಗ ಚರ್ಮದ ಮೇಲ್ಪದರ ಕಂಬಿಗೆ ಅಂಟಿಕೊಂಡು ಒಂದು ಕಡೆ ನಿಲ್ಲಲು ನೋಡುತ್ತದೆ, ಒಳಗಿನ ಎಲುಬು ಮಾಂಸ ಇನ್ನೊಂದು ಕಡೆ ಸಾಗುತ್ತದೆ; ಈ ಜಗ್ಗಾಟದಲ್ಲಿ ಪದರಗಳ ನಡುವೆ ಬಿರುಕು ಬಿಟ್ಟು, ಅಲ್ಲಿ ನೀರು ತುಂಬಿಕೊಂಡರೆ ಬೊಬ್ಬೆ, ಮೇಲ್ಪದರವೇ ಹರಿದರೆ ರಿಪ್. ಜಡ್ಡು ಸಮತಟ್ಟಾಗಿರದೆ ಗುಡ್ಡದಂತೆ ಎದ್ದಿದ್ದರೆ ಕಂಬಿ ಅದರ ಅಂಚನ್ನೇ ಹಿಡಿದು ಎಳೆಯುತ್ತದೆ. ದಪ್ಪ ಜಡ್ಡು ಇದ್ದಷ್ಟೂ ಕೈ ಗಟ್ಟಿ ಎನ್ನುವ ನಮ್ಮ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ.

ಇದನ್ನು ನನಗೆ ಸ್ಪಷ್ಟ ಮಾಡಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ನಮ್ಮ ಮನೆಯ ಎರಡು ಜೊತೆ ಕೈಗಳು. ಅಪ್ಪ ಹಿಪ್ಪುನೇರಳೆ ತೋಟದಲ್ಲಿ ಸನಿಕೆ ಹಿಡಿದವರು. ಅವರ ಅಂಗೈ ಒಣಗಿದ ಹುಣಸೆ ತೊಗಟೆಯಂತೆ ಇತ್ತು, ಆದರೆ ಅದು ಎಂದೂ ಸುಲಿದದ್ದನ್ನು ನಾನು ಕಾಣೆ. ಸನಿಕೆಯ ಕಾವು ಅವರ ಕೈಯನ್ನು ಒತ್ತುತ್ತಿತ್ತೇ ಹೊರತು ಅವರ ಇಡೀ ಮೈಯನ್ನು ತನ್ನ ಸುತ್ತ ತಿರುಗಿಸುತ್ತಿರಲಿಲ್ಲ. ಅಮ್ಮ ಕೆಲವು ವರ್ಷ ರೀಲಿಂಗ್ ಘಟಕದಲ್ಲಿ ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಹಿಡಿಯುವ ಕೆಲಸ ಮಾಡಿದರು. ದಿನವಿಡೀ ನೀರಿನಲ್ಲಿ ಇದ್ದ ಆ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿ, ಸಂಜೆ ಪಾತ್ರೆ ಉಜ್ಜುವಾಗ ನಾರು ತಗುಲಿದರೂ ಸಿಪ್ಪೆ ಏಳುತ್ತಿದ್ದವು. ನೆನೆದ ಚರ್ಮಕ್ಕೆ ಬಲವಿಲ್ಲ. ಹಾಗಾಗಿ ಮಕ್ಕಳಿಗೆ ನಾನು ಹೇಳುವ ಮೊದಲ ಮಾತು, ಬಟ್ಟೆ ಒಗೆದೋ ಪಾತ್ರೆ ತೊಳೆದೋ ನೇರವಾಗಿ ಬಂದು ಕಂಬಿ ಹಿಡಿಯಬೇಡಿ, ಕೈ ಪೂರ್ತಿ ಒಣಗಿ ಅರ್ಧ ಗಂಟೆಯಾದರೂ ಆಗಲಿ ಎಂಬುದು. ಬೆವರಿಗೂ ಇದೇ ಮಾತು ಸಲ್ಲುತ್ತದೆ; ಅಂಗೈಯಲ್ಲಿ ಎಣ್ಣೆಯ ಗ್ರಂಥಿಗಳಿಲ್ಲ, ಬೆವರಿನ ಗ್ರಂಥಿಗಳು ಮಾತ್ರ ತುಂಬ ಒತ್ತಾಗಿವೆ.

ಬೆವರು ಹೀರುವುದಕ್ಕೆಂದೇ ಬಿಳಿ ಪುಡಿ ಹಚ್ಚುವುದು. ಅದು ಮೆಗ್ನೀಸಿಯಂ ಕಾರ್ಬೊನೇಟ್. ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯುವ ಸೀಮೆಸುಣ್ಣ ಬೇರೆಯ ವಸ್ತು. ನಾವು ಹುಡುಗಿಯರಾಗಿದ್ದಾಗ ಅದು ಗೊತ್ತಿಲ್ಲದೆ ಸೀಮೆಸುಣ್ಣವನ್ನೇ ಕುಟ್ಟಿ ಹಚ್ಚಿಕೊಳ್ಳುತ್ತಿದ್ದೆವು. ಅದು ಬೆವರಿನೊಡನೆ ಸೇರಿ ಲೋಳೆಯಾಗಿ ಜಾರುತ್ತಿತ್ತು, ಜಾರಿದ್ದಕ್ಕೆ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆವು, ಬಿಗಿಯಾಗಿ ಹಿಡಿದಿದ್ದಕ್ಕೆ ಕೈ ಸುಲಿಯುತ್ತಿತ್ತು. ಸರಿಯಾದ ಪುಡಿಯಾದರೂ ಅತಿಯಾಗಬಾರದು. ಕಂಬಿಯ ಮೇಲೆ ಅದು ಪದರಪದರವಾಗಿ ಕೂತು ಗಂಟುಗಟ್ಟಿದರೆ ಉಪ್ಪುಕಾಗದದ ಮೇಲೆ ಕೈಯಾಡಿಸಿದಂತೆ ಆಗುತ್ತದೆ. ಆದ್ದರಿಂದ ನಾಲ್ಕೈದು ಮಕ್ಕಳ ಸರದಿ ಮುಗಿದಾಗಲೆಲ್ಲ ಒಣ ಬ್ರಷ್ಷಿನಿಂದ ಕಂಬಿಯನ್ನು ಉಜ್ಜಿ ಬಿಡುತ್ತೇವೆ. ಮಲ್ಲಕಂಬದವರು ಕಂಬಕ್ಕೆ ಹರಳೆಣ್ಣೆ ಸವರಿ ಉಜ್ಜಾಟ ಕಡಿಮೆ ಮಾಡುತ್ತಾರೆ, ನಾವು ಪುಡಿ ಹಚ್ಚಿ ಹಿಡಿತ ಹೆಚ್ಚಿಸುತ್ತೇವೆ. ಇಬ್ಬರೂ ಹೋರಾಡುವುದು ಅದೇ ಉಜ್ಜಾಟದ ಜೊತೆ.

ಕಂಬಿಯ ವಿಷಯಕ್ಕೆ ಬಂದರೆ, ನಮ್ಮಂಥ ಊರುಗಳಲ್ಲಿ ನಿಜವಾದ ತೊಂದರೆ ಇಲ್ಲಿಯೇ ಇದೆ ಎಂದು ನನ್ನ ಅನುಭವ. ಗಂಡಸರ ಸ್ಪರ್ಧೆಯ ಹೈ ಬಾರ್ 28 ಮಿಲಿಮೀಟರ್ ದಪ್ಪದ ಉಕ್ಕಿನದು. ಹೆಣ್ಣುಮಕ್ಕಳ ಎತ್ತರ ತಗ್ಗಿನ ಜೋಡಿ ಕಂಬಿಗಳು ಸುಮಾರು 40 ಮಿಲಿಮೀಟರ್ ದಪ್ಪವಿದ್ದು, ಒಳಗೆ ಫೈಬರ್ ಗ್ಲಾಸ್, ಹೊರಗೆ ಮರ. ನಮಗೆ ಸಿಕ್ಕಿದ್ದು ವೆಲ್ಡಿಂಗ್ ಅಂಗಡಿಯ ಜಿ.ಐ. ಪೈಪು. ಪೈಪಿನ ಅಳತೆಯನ್ನು ಹೆಸರಿನಿಂದ ನಂಬಬಾರದು, ಒಂದಿಂಚಿನ ಪೈಪಿನ ಹೊರಗಿನ ಅಳತೆ 33 ಮಿಲಿಮೀಟರಿಗೂ ಹೆಚ್ಚು, ಮುಕ್ಕಾಲು ಇಂಚಿನದು 27ರ ಹತ್ತಿರ. ಪುಟ್ಟ ಕೈಗಳಿಗೆ ದಪ್ಪ ಪೈಪು ಕೊಟ್ಟರೆ ಅವರು ಬೆರಳು ಸುತ್ತಲಾರದೆ ಅಂಗೈಯ ನಡುವಿನಿಂದ ಒತ್ತಿ ಹಿಡಿಯುತ್ತಾರೆ. ಆಗ ಬೆರಳ ಬುಡದ ಚರ್ಮ ಮಡಿಚಿ ಕಂಬಿಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಕಂಬಿ ಕೂರಬೇಕಾದದ್ದು ಬೆರಳುಗಳ ಬುಡದ ಗೆರೆಯಲ್ಲಿ, ಅಂಗೈಯ ಕುಳಿಯಲ್ಲಿ ಅಲ್ಲ. ಅದಲ್ಲದೆ ಜಿ.ಐ. ಪೈಪಿನ ಸತುವಿನ ಲೇಪದಲ್ಲಿ ಸಣ್ಣ ಮೊನಚು ಗುಳ್ಳೆಗಳಿರುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲ. ಹಳೆಯ ರೇಷ್ಮೆ ಬಟ್ಟೆಯ ತುಂಡನ್ನು ಪೈಪಿನ ಮೇಲೆ ಎಳೆದರೆ ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಇರುತ್ತವೆ. ಈ ಉಪಾಯ ಹೇಳಿಕೊಟ್ಟವರು ಅಮ್ಮ. ಸಣ್ಣ ಉಪ್ಪುಕಾಗದದಿಂದ ಆ ಜಾಗಗಳನ್ನು ತಿಕ್ಕಿದ ಮೇಲೆ ನಮ್ಮಲ್ಲಿ ಗಾಯಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು.

ಜಡ್ಡನ್ನು ಸಮತಟ್ಟು ಮಾಡುವ ಕೆಲಸ ಸ್ನಾನದ ಮನೆಯದು. ವಾರಕ್ಕೆ ಎರಡು ಸಲ, ಬಿಸಿನೀರಿನ ಸ್ನಾನ ಮುಗಿದು ಚರ್ಮ ಮೆದುವಾಗಿರುವಾಗ, ಹಿಮ್ಮಡಿ ಉಜ್ಜುವ ಕಲ್ಲಿನಿಂದ ಜಡ್ಡಿನ ಮೇಲೆ ಹಗುರವಾಗಿ ಸುತ್ತುಸುತ್ತಾಗಿ ತಿಕ್ಕಬೇಕು. ಎಷ್ಟು ಸಾಕು ಎನ್ನುವುದಕ್ಕೆ ಒಂದು ಪರೀಕ್ಷೆ ಇದೆ: ಇನ್ನೊಂದು ಕೈಯ ಉಗುರನ್ನು ಅಂಗೈಯ ಮೇಲೆ ಅಡ್ಡಡ್ಡ ಎಳೆಯಿರಿ, ಉಗುರು ಎಲ್ಲಿಯೂ ತಡೆಯದೆ ಸಾಗಿದರೆ ಸಾಕು, ಜಡ್ಡಿನ ಅಂಚಿಗೆ ತಗುಲಿ ನಿಂತರೆ ಇನ್ನೂ ಎತ್ತರವಿದೆ. ಪೂರ್ತಿ ತೆಗೆದುಹಾಕುವುದು ಇದರ ಉದ್ದೇಶವಲ್ಲ. ಜಡ್ಡೇ ಇಲ್ಲದ ಕೈ ಮರುದಿನ ಬೊಬ್ಬೆ ಏಳುತ್ತದೆ. ಬ್ಲೇಡು ಹಿಡಿದು ಕೆತ್ತುವ ಹುಡುಗರಿದ್ದಾರೆ, ನನ್ನ ಕಣ್ಣಿಗೆ ಬಿದ್ದರೆ ಬೈಯ್ಯುತ್ತೇನೆ. ಆಮೇಲೆ ಕೈಗೆ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರಿ ಮಲಗಬೇಕು. ನಮ್ಮ ಬೋರ್‌ವೆಲ್ ನೀರು ಗಡಸು, ಸೋಪು ನೊರೆ ಬರುವುದಕ್ಕೂ ಮೊಂಡು ಮಾಡುತ್ತದೆ; ಮಾರ್ಗಶಿರ ಪುಷ್ಯದ ಒಣ ಚಳಿಯಲ್ಲಿ ಆ ನೀರಿನಲ್ಲಿ ತೊಳೆದ ಕೈ ಬಿರಿಯದೆ ಉಳಿಯುವುದಿಲ್ಲ. ಎಣ್ಣೆ ರಾತ್ರಿಗೆ ಮಾತ್ರ. ಅಭ್ಯಾಸಕ್ಕೆ ಬರುವ ಹೊತ್ತಿಗೆ ಅದರ ಜಿಡ್ಡು ಕೈಯಲ್ಲಿ ಉಳಿದಿದ್ದರೆ ಹುಡುಗಿ ಕಂಬಿಯಿಂದ ಜಾರಿ ಬೀಳುತ್ತಾಳೆ.

ಚರ್ಮದ ಗ್ರಿಪ್ಪುಗಳ ಬಗ್ಗೆ ತಂದೆತಾಯಿಗಳು ಬೇಗ ಕೇಳುತ್ತಾರೆ. ಬೆರಳುಗಳಿಗೆ ಸಿಕ್ಕಿಸಿ ಮಣಿಕಟ್ಟಿಗೆ ಕಟ್ಟುವ ಈ ಪಟ್ಟಿ ಉಜ್ಜಾಟವನ್ನು ತನ್ನ ಮೇಲೆ ಹಾಕಿಕೊಳ್ಳುತ್ತದೆ ಎಂಬುದು ನಿಜ. ಆದರೆ ಅದು ಕೈಯ ಅಳತೆಗೆ ಸರಿಯಾಗಿರಬೇಕು, ಬೆಳೆಯುವ ಮಕ್ಕಳಿಗೆ ಆಗಾಗ ಬದಲಿಸಬೇಕು. ಹಳತಾಗಿ ಹಿಗ್ಗಿ ಉದ್ದವಾದ ಗ್ರಿಪ್ಪು ಕಂಬಿಯ ಸುತ್ತ ತನ್ನ ಮೇಲೆಯೇ ಮಡಿಚಿ ಕಚ್ಚಿಕೊಂಡರೆ, ಕೈ ಅಲ್ಲಿಯೇ ನಿಂತು ಮೈ ಮಾತ್ರ ಸುತ್ತುತ್ತದೆ, ಮುಂಗೈ ಎಲುಬು ಮುರಿಯುತ್ತದೆ. ಸುಲಿದ ಅಂಗೈಗಿಂತ ಅದು ಎಷ್ಟೋ ದೊಡ್ಡ ಅನಾಹುತ. ಅಣ್ಣನ ಹಳೆಯ ಗ್ರಿಪ್ಪು ತಂಗಿಗೆ ಕೊಡುವ ಮಿತವ್ಯಯ ಇಲ್ಲಿ ಬೇಡ.

ಇಷ್ಟಾದರೂ ಕೈ ಸುಲಿಯುತ್ತದೆ. ಆ ಮಂಗಳವಾರ ನಾವು ಮಾಡಿದ್ದನ್ನು ಹಾಗೆಯೇ ಹೇಳುತ್ತೇನೆ. ಮೊದಲು ಕ್ಯಾನ್ ನೀರನ್ನು ಸಣ್ಣ ಧಾರೆಯಾಗಿ ಬಿಟ್ಟು, ಸೋಪು ಹಚ್ಚಿ, ಬಿಳಿ ಪುಡಿಯೆಲ್ಲ ಹೋಗುವವರೆಗೆ ತೊಳೆದೆವು. ಉರಿಯುತ್ತದೆ, ಹಲ್ಲು ಕಚ್ಚಿಕೊಂಡು ಒಂದೇ ಸಲ ಮುಗಿಸುವುದು ವಾಸಿ. ಒಗೆದ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿದಾಗ ರಕ್ತ ನಿಂತಿತು. ಆಮೇಲೆ ಸ್ಪಿರಿಟ್ಟಿನಿಂದ ಒರೆಸಿದ ಸಣ್ಣ ಕತ್ತರಿಯಿಂದ, ಎದ್ದು ನಿಂತಿದ್ದ ಸತ್ತ ಚರ್ಮವನ್ನು ಮಾತ್ರ ಬುಡದವರೆಗೆ ಕತ್ತರಿಸಿದೆ. ಕೈಯಿಂದ ಕಿತ್ತರೆ ಅದು ಜೀವಂತ ಚರ್ಮವನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ, ಹಾಗೆಯೇ ಬಿಟ್ಟರೆ ಎಲ್ಲಾದರೂ ಸಿಕ್ಕಿಕೊಂಡು ಇನ್ನಷ್ಟು ಹರಿಯುತ್ತದೆ. ಒಡೆಯದ ಬೊಬ್ಬೆಯಾಗಿದ್ದರೆ ನಾನು ಕತ್ತರಿಯನ್ನೇ ತೆಗೆಯುತ್ತಿರಲಿಲ್ಲ, ಅದರ ಮೇಲಿನ ಪೊರೆಗಿಂತ ಒಳ್ಳೆಯ ಪಟ್ಟಿ ಯಾವ ಮೆಡಿಕಲ್ ಸ್ಟೋರಿನಲ್ಲೂ ಸಿಗುವುದಿಲ್ಲ. ಗಾಯದ ಮೇಲೆ ತೆಳ್ಳಗೆ ವ್ಯಾಸಲೀನು, ಅದರ ಮೇಲೆ ಗಾಯಕ್ಕೆ ಅಂಟದ ಗಾಜ್ ಎಂಬ ತೆಳು ಜಾಳು ಬಟ್ಟೆ, ಅದರ ಮೇಲೆ ಬ್ಯಾಂಡೇಜು. ಅಷ್ಟೇ.

ಗಾಯಕ್ಕೆ ಗಾಳಿಯಾಡಲಿ, ಒಣಗಿ ಹೊಪ್ಪಳೆ ಕಟ್ಟಲಿ ಎಂದು ನಮ್ಮ ಹಿರಿಯರು ಹೇಳುತ್ತಾರೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲಿನ ಗಾಯಗಳನ್ನು ಕೆಲವನ್ನು ತೆರೆದಿಟ್ಟು, ಕೆಲವಕ್ಕೆ ಪಾಲಿಥೀನ್ ಹಾಳೆ ಮುಚ್ಚಿ ಹೋಲಿಸಿ ನೋಡಿದಾಗ, ತೇವ ಆರದಂತೆ ಮುಚ್ಚಿಟ್ಟ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿಕೊಂಡಿತ್ತು. ಹೊಸ ಜೀವಕೋಶಗಳು ಒದ್ದೆ ನೆಲದ ಮೇಲೆ ಸಲೀಸಾಗಿ ಸಾಗುತ್ತವೆ, ಹೊಪ್ಪಳೆ ಇದ್ದರೆ ಅದರ ಅಡಿಯಿಂದ ದಾರಿ ಕೊರೆದುಕೊಂಡು ಹೋಗಬೇಕು. ಅಂಗೈಯಲ್ಲಂತೂ ಒಣಗಿದ ಹೊಪ್ಪಳೆ ಬೆರಳು ಮಡಿಸಿದ ಕೂಡಲೇ ಗೆರೆಯ ಉದ್ದಕ್ಕೂ ಬಿರಿದು, ಗಾಯ ಮೊದಲಿಗೇ ಬಂದು ನಿಲ್ಲುತ್ತದೆ. ತೇವ ಎಂದರೆ ಅಮ್ಮನ ಬೆರಳುಗಳಂತೆ ನೀರಿನಲ್ಲಿ ನೆನೆಸುವುದಲ್ಲ, ಒಣಗಿ ಬಿರಿಯದಂತೆ ನೋಡಿಕೊಳ್ಳುವುದು. ಬ್ಯಾಂಡೇಜು ಒದ್ದೆಯಾದರೆ ಬದಲಿಸಬೇಕು. ರಾತ್ರಿ ಮಲಗುವಾಗ ಹೊಸದಾಗಿ ವ್ಯಾಸಲೀನು ಹಚ್ಚಿ, ಹೆಬ್ಬೆರಳಿಗೆ ತೂತು ಮಾಡಿದ ಹಳೆಯ ಹತ್ತಿ ಕಾಲುಚೀಲವನ್ನು ಕೈಗೆ ಹಾಕಿಕೊಂಡರೆ ಹೊದಿಕೆಗೆ ಅಂಟುವುದಿಲ್ಲ.

ಹುಡುಗಿಯ ಅಪ್ಪ ಮರುದಿನ ಫೋನ್ ಮಾಡಿ, "ಮೆಡಿಕಲ್ಲಲ್ಲಿ ಒಂದು ಕ್ರೀಮು ಕೊಟ್ಟವ್ರೆ ಮೇಡಂ, ಎಲ್ಲಾದಕ್ಕೂ ಆಯ್ತದಂತೆ" ಎಂದರು. ಎಲ್ಲದಕ್ಕೂ ಆಗುವ ಕ್ರೀಮುಗಳಲ್ಲಿ ಅನೇಕ ವೇಳೆ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ಗಾಯ ಮಾಗುವುದನ್ನು ನಿಧಾನ ಮಾಡುತ್ತದೆ, ಚರ್ಮವನ್ನು ತೆಳುವಾಗಿಸುತ್ತದೆ. ಅದನ್ನು ಎತ್ತಿಡಲು ಹೇಳಿ, ಮಗಳ ಲಸಿಕೆ ಕಾರ್ಡು ನೋಡಲು ಹೇಳಿದೆ. ಧನುರ್ವಾಯು ತಡೆಯುವ ಟಿ.ಡಿ. ಚುಚ್ಚುಮದ್ದನ್ನು ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಹತ್ತನೆಯ ಮತ್ತು ಹದಿನಾರನೆಯ ವಯಸ್ಸಿನಲ್ಲಿ ಕೊಡುತ್ತಾರೆ. ಇವಳಿಗೆ ಹತ್ತರದು ಆಗಿತ್ತು. ಎರಡು ದಿನದ ಮೇಲೆ ನೋವು ಇಳಿಯುವ ಬದಲು ಏರಿದರೆ, ಸುತ್ತ ಕೆಂಪು ಹರಡಿ ಬಿಸಿಯಾದರೆ, ಕೀವು ಅಥವಾ ಜ್ವರ ಬಂದರೆ, ನನ್ನ ಕೈಯಲ್ಲಿ ಏರಿದಂಥ ಕೆಂಪು ಗೆರೆ ಕಂಡರೆ, ನನಗೆ ಫೋನ್ ಮಾಡುವುದು ಬೇಡ, ಸೀದಾ ಡಾಕ್ಟರ ಹತ್ತಿರ ಹೋಗಿ ಎಂದೂ ಹೇಳಿದೆ.

ನಿಜ ಹೇಳಬೇಕೆಂದರೆ, ಚರ್ಮ ಕಿತ್ತುಬರುವುದಕ್ಕೆ ಮುಂಚೆ ಅದು ಸೂಚನೆ ಕೊಡದೆ ಇರುವುದು ಅಪರೂಪ. ಬೆರಳ ಬುಡದಲ್ಲಿ ಒಂದು ಜಾಗ ಮಾತ್ರ ಉರಿಯತೊಡಗುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ, ಕೆಂಪಗೆ ಹೊಳೆಯುತ್ತದೆ. ಆಗ ಇಳಿದುಬಿಟ್ಟರೆ ಮರುದಿನ ಮತ್ತೆ ಹತ್ತಬಹುದು. ಇನ್ನು ಎರಡೇ ಎರಡು ಸ್ವಿಂಗ್ ಎಂದು ಮುಂದುವರಿದರೆ ಒಂದು ವಾರ ಹೋಗುತ್ತದೆ. ಆದರೆ ಆ ಉರಿಯನ್ನು ಬಾಯಿಬಿಟ್ಟು ಹೇಳುವುದು ಮಕ್ಕಳಿಗೆ ಕಷ್ಟ. ಜಡ್ಡುಗಟ್ಟಿದ ಕೈಯನ್ನು ನೋಡಿ "ದುಡಿದ ಕೈ" ಎಂದು ಮೆಚ್ಚುವ ಊರು ನಮ್ಮದು. ಕೈ ಉರಿಯುತ್ತದೆ ಎಂದು ಸನಿಕೆ ಕೆಳಗಿಟ್ಟವರನ್ನು ಸೋಮಾರಿ ಎನ್ನುವುದೂ ಇದೇ ಊರು. ಕಲಿಸುವವರು ಗಾಯ ನೋಡಿ ಬೆನ್ನು ತಟ್ಟಿದರಂತೂ ಮಕ್ಕಳು ಮುಷ್ಟಿ ಕಟ್ಟಿಕೊಳ್ಳದೆ ಇನ್ನೇನು ಮಾಡಿಯಾರು? ಪುಡಿ, ಕಲ್ಲು, ಉಪ್ಪುಕಾಗದ ಎಲ್ಲ ಇದ್ದೂ ನಮ್ಮ ಶೆಡ್ಡಿನಲ್ಲಿ ಆ ಮಂಗಳವಾರ ಕೈ ಸುಲಿಯಿತು ಎಂದರೆ, ನಾನು ಅವರಿಗೆ ಕಲಿಸದೆ ಬಿಟ್ಟದ್ದು ಈ ಒಂದು ಮಾತನ್ನು. ಅದಕ್ಕಾಗಿ ಬುಧವಾರದಿಂದ ಹೊಸ ಕಟ್ಟಳೆ ಮಾಡಿದೆ: "ಉರಿ" ಎಂದು ಹೇಳಿದವರು ತಕ್ಷಣ ಇಳಿಯಬೇಕು, ಯಾಕೆ ಏನು ಎಂದು ನಾನು ಕೇಳುವುದಿಲ್ಲ, ಎಷ್ಟನೆಯ ಸ್ವಿಂಗಿಗೆ ಎಂದು ಮಾತ್ರ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.

ಆ ಹುಡುಗಿ ಅಭ್ಯಾಸ ಬಿಡಲಿಲ್ಲ. ನೆಲದ ಮೇಲೆ ಕಾಲು ಚಾಚುವುದು, ಹೊಟ್ಟೆಯ ವ್ಯಾಯಾಮ, ಜಿಗಿತ ಇವಕ್ಕೆಲ್ಲ ಅಂಗೈ ಬೇಕಿಲ್ಲ. ಆರನೆಯ ದಿನ ಗಾಯದ ಜಾಗದಲ್ಲಿ ಈರುಳ್ಳಿ ಪೊರೆಯಂಥ ತೆಳು ಗುಲಾಬಿ ಚರ್ಮ ಬಂದಿತ್ತು. ಹೆಬ್ಬೆರಳಿನಿಂದ ಬಲವಾಗಿ ಒತ್ತಿದೆ, ಅವಳು ಹುಬ್ಬು ಗಂಟಿಕ್ಕಿದಳು. ಇನ್ನೂ ಆಗದು ಎಂದು ಕಳಿಸಿದೆ. ಒಂಬತ್ತನೆಯ ದಿನ ಒತ್ತಿದಾಗ ಮುಖ ಬದಲಾಗಲಿಲ್ಲ. ಅಂಟುಪಟ್ಟಿಯ ತುಂಡನ್ನು ಉದ್ದಕ್ಕೆ ಮಡಿಚಿ, ಬೆರಳಿಗೆ ಕುಣಿಕೆ ಹಾಕಿ, ಅಂಗೈಯ ಮೇಲಿನಿಂದ ಮಣಿಕಟ್ಟಿಗೆ ತಂದು ಕಟ್ಟಿ, ಮೊದಲು ಸುಮ್ಮನೆ ಜೋತುಬೀಳಿಸಿದೆ, ಆಮೇಲೆ ಸಣ್ಣ ಸ್ವಿಂಗ್.

ನಾಲ್ಕನೆಯ ಸ್ವಿಂಗಿಗೆ ಅವಳು ಮೇಲಿನಿಂದಲೇ "ಉರಿ ಮಿಸ್" ಎಂದು ಕೂಗಿ, ಕಾಲು ಕೂಡಿಸಿ ಇಳಿದಳು. ಸಾಲಿನಲ್ಲಿದ್ದ ಹುಡುಗನೊಬ್ಬ ಕಿಸಕ್ಕನೆ ನಕ್ಕ. ಅವಳು ಅವನ ಕಡೆ ತಿರುಗಿಯೂ ನೋಡದೆ, ಕೈ ಬಿಚ್ಚಿಕೊಂಡು ನನ್ನ ಮುಂದೆ ಬಂದು ನಿಂತಳು. ಜಾಗ ಕೆಂಪಾಗಿತ್ತು, ಬೆಚ್ಚಗಿತ್ತು, ಹರಿದಿರಲಿಲ್ಲ. ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 4 ಎಂದು ಬರೆದುಕೊಂಡು, ನಗುತ್ತಿದ್ದವನನ್ನು ಕರೆದು, "ಎಲ್ಲಿ, ನಿನ್ನ ಕೈ ತೋರಿಸಪ್ಪ" ಎಂದೆ.